ತಾನೆಲ್ಲಿದ್ದೇನೆಂದು ಕೇಳಿಕೊಂಡ ಸಾಲು

ಬೆಸುಗೆ ಹಾಕುವಾಗ ಏಳುವ ರಾಳದ ಹೊಗೆಯ ವಾಸನೆ ಎಂದರೆ ಅಕ್ಕನಿಗೆ ಅಪ್ಪನ ರೇಡಿಯೊ ರಿಪೇರಿ ಅಂಗಡಿ. ಚಿಕ್ಕಂದಿನಲ್ಲಿ ಮೂಗಿಗೆ ಅಂಟಿದ ಆ ವಾಸನೆಯೇ ಅವಳನ್ನು ಯಂತ್ರಗಳ ಹಿಂದೆ ಎಳೆದೊಯ್ದಿತ್ತು. ಈಗ ಅವಳಿಗೆ ಐವತ್ತೆರಡು ವರ್ಷ. ಉಸಿರಾಟದ ಯಂತ್ರಗಳನ್ನು ಮಾಡುವ ಕಾರ್ಖಾನೆಯಲ್ಲಿ, ಪ್ರೋಗ್ರಾಂ ಬರೆಯುವವರಿಗೆಲ್ಲ ಅವಳು ಅಕ್ಕ.

ಹನ್ನೊಂದು ವರ್ಷದ ಹಿಂದೆ ಅವಳು ಆ ಯಂತ್ರಗಳ ಪ್ರೋಗ್ರಾಮಿನಲ್ಲಿ ಒಂದು ಸಾಲು ಬರೆದಿದ್ದಳು. ಅಲ್ಲಿ ಪ್ರೋಗ್ರಾಂ ತನ್ನನ್ನೇ ಕೇಳಿಕೊಳ್ಳುತ್ತಿತ್ತು: ನಾನೀಗ ತುರ್ತು ಕರೆಗೆ ಓಡಿಬಂದಿದ್ದೇನೋ, ಮಾಮೂಲಿ ಕೆಲಸದಲ್ಲಿದ್ದೇನೋ? ತುರ್ತಾದರೆ ನಿಲ್ಲದೆ ಮುಗಿಸುವುದು. ಇಲ್ಲವಾದರೆ ಸರದಿ ಕಾಯುವುದು. ಎಲ್ಲರೂ ಅದನ್ನು ನಕಲು ಮಾಡಿಕೊಂಡರು. ತಕರಾರು ತೆಗೆದವನು ಒಬ್ಬನೇ. ಎಲ್ಲರ ಬರಹವನ್ನೂ ತಡೆದು ತಿದ್ದಿಸುತ್ತಿದ್ದುದಕ್ಕೆ ಅವನಿಗೆ ‘ಬ್ರೇಕು’ ಎಂದೇ ಹೆಸರು.

"ಅದು ಊಹೆ ಮಾಡೋದು ಬೇಡ ಅಕ್ಕ. ಅದನ್ನ ಕರೆಯೋ ಪ್ರೋಗ್ರಾಂಗೆ ಗೊತ್ತಿರುತ್ತಲ್ಲ ತುರ್ತೋ ಅಲ್ವೋ ಅಂತ, ಅದೇ ಹೇಳಿ ಕಳಿಸ್ಲಿ."

"ನಿನ್ನ ಕೈಗೆ ಸಿಕ್ರೆ ಗಡಿಯಾರಾನೂ ಟಿಕ್ ಅನ್ನೋಕೆ ಅರ್ಜಿ ಹಾಕ್ಬೇಕು ಕಣೋ," ಎಂದು ಅಕ್ಕ ನಕ್ಕು ತಳ್ಳಿಹಾಕಿದ್ದಳು.

ಈ ವಾರ ಯಂತ್ರಗಳಿಗೆ, ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ನಿರ್ಧರಿಸುವ ಹೊಸ ರಿಯಲ್-ಟೈಮ್ ಕರ್ನಲ್ ಹಾಕಿದರು. ಮಾಮೂಲಿ ಪರೀಕ್ಷೆಗಳೆಲ್ಲ ಪಾಸಾದವು. ನಲವತ್ತು ಯಂತ್ರಗಳು ಆಸ್ಪತ್ರೆಗಳಿಗೆ ಹೊರಡಲೆಂದು ಅಕ್ಕ ಇಂದು ಬೆಳಿಗ್ಗೆಯೇ ಸಹಿ ಹಾಕಿದಳು. ಕೆಳಗೆ ಲಾರಿಗೆ ಪೆಟ್ಟಿಗೆಗಳನ್ನು ಏರಿಸುತ್ತಿದ್ದರು. ಮೇಜಿನ ಮೇಲೆ ಉಳಿದಿದ್ದ ಒಂದು ಯಂತ್ರಕ್ಕೆ ಶ್ವಾಸಕೋಶದ ಬದಲು ರಬ್ಬರ್ ಚೀಲ ಕಟ್ಟಿ, ಬ್ರೇಕು ಸುಮ್ಮನಿರಲಾರದೆ ನಳಿಕೆ ಕಿತ್ತು ನೋಡತೊಡಗಿದ. ಕಿತ್ತಾಗಲೆಲ್ಲ ಎಚ್ಚರಿಕೆಯ ಗಂಟೆ ಹೊಡೆಯಬೇಕು. ನಾಲ್ಕು ಸಲ ಹೊಡೆಯಿತು. ಐದನೆಯ ಸಲ ಹೊಡೆಯಲಿಲ್ಲ. ನಳಿಕೆಯನ್ನು ಮತ್ತೆ ಸಿಕ್ಕಿಸಿದ. ಚೀಲ ಉಬ್ಬಲೇ ಇಲ್ಲ.

ಯಂತ್ರ ಎಲ್ಲಿ ಸಿಕ್ಕಿಬಿದ್ದಿದೆಯೆಂದು ಅಕ್ಕ ಕಂಪ್ಯೂಟರಿನಲ್ಲಿ ಹುಡುಕಿದಳು. ತೆರೆಯ ಮೇಲೆ ಅವಳದೇ ಸಾಲು ನಿಂತಿತ್ತು. ಹೊಸ ಕರ್ನಲ್ ತುರ್ತು ಕೆಲಸಗಳನ್ನೂ ಮಾಮೂಲಿ ಕೆಲಸಗಳ ಗುಂಪಿಗೇ ಸೇರಿಸಿತ್ತು. ಹಾಗಾಗಿ ತುರ್ತಿಗೆ ಓಡಿಬಂದ ಪ್ರೋಗ್ರಾಂ ತನ್ನನ್ನು ಮಾಮೂಲಿಯೆಂದು ತಿಳಿದು, ಸರದಿ ಕಾಯುತ್ತ ಕುಳಿತುಬಿಟ್ಟಿತ್ತು. ಐದನೆಯ ಸಲ, ಆ ಸರದಿ ಬಿಟ್ಟುಕೊಡಬೇಕಾದದ್ದೂ ಅದೇ ಪ್ರೋಗ್ರಾಂ ಆಗಿತ್ತು; ಅಲ್ಲಿಗೆ ಯಂತ್ರವೇ ನಿಂತುಹೋಗಿತ್ತು.

"ಆ ಚೀಲದ ಜಾಗದಲ್ಲಿ ಯಾರಾದ್ರೂ..." ಎನ್ನುತ್ತಲೇ ಅಕ್ಕ ಎದ್ದಳು.

ಮೆಟ್ಟಿಲಿಳಿದು ಲಾರಿಯ ಮುಂದೆ ನಿಂತಳು. "ಎಲ್ಲಾ ಇಳಿಸ್ಬಿಡಿ. ತಪ್ಪು ನಂದು." ಮ್ಯಾನೇಜರ್ ಫೋನಿನಲ್ಲಿ ರೇಗಿದಾಗಲೂ ಅದನ್ನೇ ಹೇಳಿ, ಸಹಿ ಹಿಂತೆಗೆದುಕೊಂಡಳು.

ಆ ಸಾಲು ಮೂವತ್ತೇಳು ಕಡೆ ಇತ್ತು. ಅಕ್ಕ ಅವುಗಳ ಪಟ್ಟಿಯನ್ನು ಕಾಗದದ ಮೇಲೆ ಮುದ್ರಿಸಿಕೊಂಡಳು. ಒಂದೊಂದನ್ನೂ ಅಳಿಸಿ, ಕರೆಯುವ ಪ್ರೋಗ್ರಾಮೇ ಹೇಳುವಂತೆ ತಿದ್ದುತ್ತ ಕುಳಿತವಳು, ಬ್ರೇಕು ‘ಅವತ್ತೇ ಹೇಳಿದ್ನಲ್ಲ’ ಎಂದು ಈಗ ಅಂದಾನು, ಆಗ ಅಂದಾನು ಎಂದು ಕಾದಳು. ಅವನು ಕುರ್ಚಿ ಎಳೆದುಕೊಂಡು, ಪಟ್ಟಿಯ ಕೆಳಗಿನ ಅರ್ಧವನ್ನು ಹರಿದುಕೊಂಡ, ಅಷ್ಟೆ. ಮಧ್ಯಾಹ್ನ ಮೂರು ಗಂಟೆಗೆ ತನ್ನ ಊಟದ ಡಬ್ಬಿಯ ಮುಚ್ಚಳ ತೆಗೆದು, ಚಮಚ ಒರೆಸಿ, ಅವಳ ಕಡೆ ಸರಿಸಿದ.