ಕಿಟಕಿಯೆದುರಿನ ತಲೆ

ನಾಲ್ಕು ದೂರದರ್ಶಕಗಳ ಬೆಳಕನ್ನು ಒಂದುಗೂಡಿಸಿ ನೋಡುವ, ಶಾಖವನ್ನೂ ಬೆಳಕಿನಂತೆ ಕಾಣುವ ಅವಕೆಂಪು ಕ್ಯಾಮೆರಾವನ್ನು ಕಟ್ಟಿದವಳಿಗೆ ಕಾರ್ಯಾಗಾರದಲ್ಲಿ ಥಂಡಿಯಮ್ಮ ಎಂದೇ ಹೆಸರು. ತನ್ನ ಮೈಶಾಖಕ್ಕೆ ತಾನೇ ಕುರುಡಾಗುವ ಆ ಯಂತ್ರವನ್ನು ಉಕ್ಕಿನ ಪೀಪಾಯಿಯೊಳಗಿಟ್ಟು ಕೊರೆಯುವಷ್ಟು ತಣಿಸುವುದು ಅವಳ ಕೆಲಸ. ಇಂದಿನ ಪರೀಕ್ಷೆಯಲ್ಲಿ ಅದು ಸೋತರೆ ಅವಳ ನೌಕರಿಗೂ ಕತ್ತರಿ.

ಸಂಸ್ಥೆಯ ನಿರ್ದೇಶಕರು ಐವರ ಸಮಿತಿಯೊಂದಿಗೆ ಬಂದು ನಿಂತರು. ಪರದೆಯ ಮೇಲೆ ಬೆಳಕುಗಳು ಬೆರೆತಾಗ ಕಾಣುವ ಪಟ್ಟೆಗಳು ಮೂಡಬೇಕಿದ್ದಲ್ಲಿ ದುಂಡನೆಯ ಬಿಳಿ ಕಲೆಯೊಂದು ಕೂತಿತ್ತು.

"ಇದು ನಿಮ್ಮ ಜನರ ಮೈಬಿಸಿ. ಎಲ್ಲ ಆಚೆ ನಡೀರಿ!" ಎಂದರು ನಿರ್ದೇಶಕರು, ಬೆಳಕು ಒಳಹೋಗುವ ಕ್ಯಾಮೆರಾದ ಕಿಟಕಿಗೆ ತಮ್ಮ ಬೋಳುತಲೆ ಬಗ್ಗಿಸಿಕೊಂಡೇ.

ಫಿಟ್ಟರ್ ಹೋದ, ಗುಡಿಸುವವಳು ಹೋದಳು, ಕಲೆ ಮಾತ್ರ ಹೋಗಲಿಲ್ಲ. ಥಂಡಿಯಮ್ಮನ ಕೈಗೆ ಮಂಜುಗಡ್ಡೆಯ ಚೀಲ ಕೊಟ್ಟು ತಬ್ಬಿಕೊಳ್ಳಲು ಹೇಳಿದರು. ಆಗಲೂ ಹೋಗಲಿಲ್ಲ.

"ಸಾರ್, ಅದು ನಿಮ್ಮ ತಲೆ," ಎಂದಳು ಅವಳು, ಹಲ್ಲು ಕಟಕಟಿಸುತ್ತ. "ಚೂರು ಹಿಂದಕ್ಕೆ ಬನ್ನಿ."

"ಏನಮ್ಮಾ, ನಾನು ಪರೀಕ್ಷೆ ಮಾಡೋನು. ನನಗೆಲ್ಲಿಯ ಶಾಖ?"

ಸಮಿತಿ ಹೌದೌದೆಂದಿತು. ಹಿಮದಷ್ಟು ತಣ್ಣಗಿನ ಮುಚ್ಚಳವೊಂದನ್ನು ತರಿಸಿ ಕಿಟಕಿಗೆ ಜಡಿದರು. ಪರದೆ ಕಪ್ಪಾಯಿತು.

"ನೋಡಿ, ಒಂದೂ ಕಲೆಯಿಲ್ಲ! ಪಾಸು!" ಎಂದು ನಿರ್ದೇಶಕರು ಚಪ್ಪಾಳೆ ತಟ್ಟಿದರು.

ನೌಕರಿ ಉಳಿದಿತ್ತು, ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಥಂಡಿಯಮ್ಮ ಚೀಲ ಬಿಸುಟು ಸ್ಕ್ರೂಡ್ರೈವರ್ ಎತ್ತಿಕೊಂಡಳು.

"ಕುರುಡು ಮಾಡಿ ಪಾಸು ಮಾಡೋದಾದ್ರೆ ಇದನ್ಯಾಕೆ ಕಟ್ಟಬೇಕಿತ್ತು ಸಾರ್?" ಎನ್ನುತ್ತ ಮುಚ್ಚಳ ಬಿಚ್ಚಿದಳು. ತಡೆಯಲು ಎಲ್ಲರೂ ಮುನ್ನುಗ್ಗಿದರು. ಪರದೆಯ ತುಂಬ ಆರು ತಲೆಗಳು ಮೂಡಿದವು, ಎಲ್ಲವೂ ಒಂದೇ ಸಮನೆ ಬಿಳಿ. ಅವುಗಳಲ್ಲಿ ತಮ್ಮದು ಯಾವುದೆಂದು ನಿರ್ದೇಶಕರಿಗೇ ತಿಳಿಯಲಿಲ್ಲ.