ಬರಿ ಜೋಳಿಗೆಯ ತೂಕ

ಶಹಾಪುರದಲ್ಲಿ ಗುಡ್ಡವೇ ಬುದ್ಧನಾಗಿ ಅಂಗಾತ ಮಲಗಿದೆಯಲ್ಲ, ಆ ಬುದ್ಧನ ಪಾದದ ಬುಡಕ್ಕೆ ಕರೆಮ್ಮನ ಮನೆ. ಒಂದೇ ಖೋಲಿ. ಆ ಖೋಲಿಯಿಂದ ಕಸವೆಂಬುದು ಹೊರಗೆ ಬಿದ್ದದ್ದನ್ನು ಕಂಡವರು ಮೂರು ತಾಲೂಕಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ಓಣಿಯ ಇರುವೆಗಳು ಆಸೆಪಟ್ಟು ಅವಳ ಹೊಸ್ತಿಲು ದಾಟಿದರೆ, ಬಾಯಲ್ಲಿದ್ದ ಕಾಳನ್ನೂ ಕಳಕೊಂಡು ತಿರುಗಿ ಬರುತ್ತಿದ್ದವು. ಒಂದು ಬೆಂಕಿಕಡ್ಡಿಯನ್ನು ಬ್ಲೇಡಿನಿಂದ ಸೀಳಿ ನಾಲ್ಕು ಮಾಡುವ ಕೈ ಅದು. ಚಹಾಪುಡಿಯನ್ನು ಕುದಿಸಿ, ಒಣಗಿಸಿ, ಮತ್ತೆ ಕುದಿಸಿ, ಅದರ ಬಣ್ಣ ತಾನಾಗಿ ಕೈಮುಗಿದು ಹೊರಟುಹೋದ ಮೇಲೆ ಮೆಣಸಿನ ಗಿಡಕ್ಕೆ ಹಾಕುವಳು. ಗಂಡ ಅಂಬ್ರಪ್ಪ ಹತ್ತಿ ಮಿಲ್ಲಿನಲ್ಲಿ ಹಮಾಲಿ. ಅವನದೊಂದು ಅಂಗಿ ಹರಿಯಿತೆಂದರೆ ಮನೆಯಲ್ಲಿ ಹಬ್ಬ: ಬೆನ್ನಿನ ಭಾಗ ನಾಲ್ಕು ವರ್ಷದ ಮಗಳು ಪಂಚಶೀಲಾಗೆ ಲಂಗ, ಎರಡು ತೋಳು ಸೇರಿ ಐದು ತಿಂಗಳ ಮಗ ಬುದ್ಧಪ್ರಿಯನಿಗೆ ಪೈಜಾಮ, ಕಾಲರು ಬಿಸಿ ತವೆ ಇಳಿಸುವ ಬಟ್ಟೆ. ಉಳಿದ ದಾರದ ಉಂಡೆ ಎಷ್ಟು ದಪ್ಪ ಬೆಳೆದಿತ್ತೆಂದರೆ, ಅದನ್ನು ಬಿಚ್ಚುತ್ತ ಹೋಗಿದ್ದರೆ ಸುರಪುರ ಮುಟ್ಟಿ ತಿರುಗಿ ಬರಬಹುದಿತ್ತು.

ಈ ಉಳಿತಾಯದ ಕತ್ತರಿ ಎಲ್ಲಕ್ಕಿಂತ ಹೆಚ್ಚು ಆಡಿದ್ದು ಅವಳ ಸ್ವಂತ ತಾಟಿನ ಮೇಲೆ. ಬಿಸಿ ರೊಟ್ಟಿ ಗಂಡನಿಗೆ, ಮೆತ್ತಗಿದ್ದದ್ದು ಮಗಳಿಗೆ, ಬುಟ್ಟಿಯ ತಳದ ಒಣ ಚೂರು ಮತ್ತು ಪುಂಡಿಪಲ್ಯದ ನೀರು ತನಗೆ. ಹಸಿವು ಅವಳ ಬಾಗಿಲಿಗೆ ಬಂದರೂ, ಇದು ತನ್ನ ಮನೆಯಲ್ಲವೆಂದು ಮುಂದಕ್ಕೆ ಹೋಗುತ್ತಿತ್ತು. ಗೋಡೆಯ ಹಲಗೆಯ ಮೇಲೆ ಮಾತ್ರ ಡಬ್ಬಿಗಳ ಸಾಲು: ಗೋಧಿ, ಬೆಲ್ಲ, ಕೊಬ್ಬರಿ, ಮುಚ್ಚಳಕ್ಕೆ ಬಟ್ಟೆ ಬಿಗಿದ ತುಪ್ಪದ ಗಡಿಗೆ. ಕಷ್ಟಕಾಲಕ್ಕೆಂದು ಇಟ್ಟದ್ದು. ನಿಜಾಮನ ದಂಡು ಬಂದು ಮೂರು ದಿನ ಠಾಣೆ ಹೂಡಿದರೂ ಸಾಲುವಷ್ಟು.

ಮಗನನ್ನು ಮಲಗಿಸಿ ತೂಗುವ ಜೋಳಿಗೆಯೂ ಅವಳ ಉಳಿತಾಯದ್ದೇ. ಜಂತಿಗೆ ಇಳಿಬಿಟ್ಟ ಹಳೇ ರಂಗಂಪೇಟೆ ಸೀರೆ ಅದು. ಅವಳ ತಾಯಿ ಸಾಯಬಮ್ಮ ಹನ್ನೊಂದು ವರ್ಷ ಉಟ್ಟು, ಅವಳು ಆರು ವರ್ಷ ಉಟ್ಟು, ಆಮೇಲೆ ಬಾಗಿಲ ಪರದೆಯಾಗಿ, ಕಡೆಗೆ ಜೋಳಿಗೆಯಾಗಿತ್ತು. ಬಿಸಿಲಿಗೆ ಹಿಡಿದರೆ ಆಚೆ ಬದಿಯ ಮಂದಿ ಕಾಣುವಷ್ಟು ತೆಳು. ಆ ಓಣಿಯಲ್ಲಿ ಯಾವ ಹೆಂಗಸೂ ಕೂಸನ್ನು ಎತ್ತಿಕೊಂಡ ಮೇಲೆ ಜೋಳಿಗೆಯನ್ನು ಹಾಗೆಯೇ ಬಿಡುವುದಿಲ್ಲ. ಕೂಸು ಕಂಕುಳಿಗೆ ಬಂತೆಂದರೆ ಸೀರೆಗೊಂದು ಗಂಟು ಬೀಳಲೇಬೇಕು. ಬರಿ ಜೋಳಿಗೆ ತೂಗಬಾರದು, ತೂಗಿದರೆ ಬೇರೆ ಏನೋ ಬಂದು ಮಲಗುತ್ತದೆ ಎಂಬುದು ಹಾಲು ಕುಡಿಯುವ ಕೂಸಿಗೂ ಗೊತ್ತು. ಕರೆಮ್ಮನಿಗೂ ಗೊತ್ತಿತ್ತು. ಆದರೆ ಹಳೇ ಬಟ್ಟೆ ಮೊದಲು ಹರಿಯುವುದೇ ಗಂಟು ಬಿದ್ದಲ್ಲಿ. ದಿನಕ್ಕೆ ಹತ್ತು ಸಲ ಗಂಟು ಹಾಕಿ ಬಿಚ್ಚಿದರೆ ಸೀರೆ ಎರಡು ತಿಂಗಳೂ ಬಾಳುವುದಿಲ್ಲವೆಂದು ಲೆಕ್ಕ ಹಾಕಿ, ಗಂಟನ್ನೂ ಉಳಿತಾಯ ಮಾಡಿದಳು.

ಮೊದಲು ಜೋಳಿಗೆ ತಾನೇ ತೂಗತೊಡಗಿತು. ಒಲೆಯ ಹೊಗೆ ನೆಟ್ಟಗೆ ಮೇಲೇರುವ ಮಧ್ಯಾಹ್ನದಲ್ಲೂ ಅದು ಒಂದೇ ಹದದಲ್ಲಿ ಹೋಗಿ ಬರುತ್ತಿತ್ತು. ಬೇರೆಯವಳಾಗಿದ್ದರೆ ಕೂಸನ್ನು ಎತ್ತಿಕೊಂಡು ಭೀಮಾ ನದಿಯವರೆಗೆ ಓಡುತ್ತಿದ್ದಳು. ಕರೆಮ್ಮ ಗಾಳಿಯೆಂದುಕೊಂಡಳು, ಗಾಳಿ ಪುಕ್ಕಟೆಯೆಂದುಕೊಂಡಳು, ತೂಗುವ ಕೈ ಬಿಡುವಾಯಿತೆಂದು ಮಂದಿಯ ಕೌದಿ ತಂದು ಹೊಲಿಯಲು ಕೂತಳು.

ಆಮೇಲೆ ಬರಿ ಜೋಳಿಗೆ ಜಗ್ಗತೊಡಗಿತು. ಕೂಸು ಹೊರಗಿದ್ದಾಗಲೂ ಸೀರೆಯ ನಡು ಕೆಳಗಿಳಿದು ದುಂಡಗೆ ನಿಲ್ಲುತ್ತಿತ್ತು. ಮಗನನ್ನು ಮಲಗಿಸಲು ಕೈ ಒಳಗಿಟ್ಟರೆ ಬಟ್ಟೆ ಬೆಚ್ಚಗಿರುತ್ತಿತ್ತು, ಈಗಷ್ಟೇ ಯಾರೋ ಎದ್ದುಹೋದ ಹಾಸಿಗೆಯ ಹಾಗೆ. ಬುದ್ಧಪ್ರಿಯ ಒಂದೇ ಮಗ್ಗುಲಿಗೆ ಒತ್ತಿಕೊಂಡು, ಉಳಿದ ಜಾಗ ಯಾರಿಗೋ ಬಿಟ್ಟುಕೊಟ್ಟವನಂತೆ ಮಲಗುತ್ತಿದ್ದ. ತಮ್ಮನ ಜೊತೆ ತಾನೂ ಕೂಡಬೇಕೆಂದು ಹಟ ಹಿಡಿಯುತ್ತಿದ್ದ ಪಂಚಶೀಲಾ ಒಂದು ದಿನ ಹಟ ಬಿಟ್ಟಳು. ಯಾಕೆಂದು ಕೇಳಿದರೆ, ಜಾಗ ಇಲ್ಲವೆಂದಳು.

ಇದನ್ನು ಗಂಡನಿಗೆ ಹೇಳಿದಳು. ಅಂಬ್ರಪ್ಪ ಪ್ರತಿ ಭಾನುವಾರ ತಪ್ಪದೆ ಬುದ್ಧವಿಹಾರಕ್ಕೆ ಹೋಗಿ ಕೂಡುವವನು, ಎರಡು ಕ್ವಿಂಟಲ್ ಹತ್ತಿ ಬೆನ್ನ ಮೇಲಿದ್ದರೂ ತರ್ಕ ಬಿಡದವನು.

"ನಮ್ಮ ಧಮ್ಮದಾಗ ದೆವ್ವ ಇಲ್ಲ," ಎಂದ.

"ಧಮ್ಮದಾಗ ಇಲ್ಲ ಬಿಡು. ಜೋಳಿಗ್ಯಾಗ ಅದ," ಎಂದಳು ಅವಳು.

ಅವನು ನಕ್ಕು ಮಲಗಿದ. ಅವಳು ನಗಲಿಲ್ಲ, ಹೆದರಲೂ ಇಲ್ಲ. ಯಾಕೆಂದರೆ ಅಷ್ಟರಲ್ಲಿ ಮಗ ಅಳುವುದನ್ನು ಬಿಟ್ಟಿದ್ದ. ಮೊದಲು ಗುಡ್ಡದ ಬುದ್ಧ ಮಗ್ಗುಲು ಬದಲಿಸಬೇಕು, ಅಂಥ ಅಳು ಅವನದು. ಈಗ ಹಾಲಿಗೂ ಅಳುವುದಿಲ್ಲ, ಒದ್ದೆಗೂ ಅಳುವುದಿಲ್ಲ. ಕಣ್ಣು ತೆರೆದು ಜಂತಿ ನೋಡುತ್ತ ಸುಮ್ಮನಿರುತ್ತಾನೆ. ಕೂಸಿಗೂ ತನ್ನ ಉಳಿತಾಯದ ಬುದ್ಧಿ ಬಂತೆಂದು ಕರೆಮ್ಮ ಓಣಿಯ ತುಂಬ ಕೊಚ್ಚಿಕೊಂಡಳು. ಅವಳ ಎದೆಯಲ್ಲಿ ಹಾಲು ಕಡಿಮೆಯಾಗುತ್ತ ಬಂದಿತ್ತು. ಕೇಳುವವನೇ ಕೇಳದಿದ್ದಾಗ ಅದರ ಚಿಂತೆ ಯಾಕೆ?

ಕೊಚ್ಚಿಕೊಳ್ಳಲು ಅವಳ ಹತ್ತಿರ ಸಾಕ್ಷಿಯೂ ಇತ್ತು. ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ಶಿವಲೀಲಾ ಟೀಚರು ಕೂಸುಗಳನ್ನು ತೂಗುತ್ತಿದ್ದಳು. ಬಾಗಿಲ ಚೌಕಟ್ಟಿನ ಕೊಕ್ಕೆಗೆ ಗಡಿಯಾರದಂಥ ತಕ್ಕಡಿ, ಅದರ ಕೆಳಗೆ ಕೂಸನ್ನು ತೂಗುಹಾಕುವ ಚೀಲ. ಆ ಚೀಲ ಹರಿದುಹೋಗಿದ್ದರಿಂದ ತಾಯಂದಿರು ಮನೆಯಿಂದಲೇ ಬಟ್ಟೆ ತರುತ್ತಿದ್ದರು. ಕರೆಮ್ಮ ಜೋಳಿಗೆಯನ್ನೇ ಬಿಚ್ಚಿ ಒಯ್ಯುತ್ತಿದ್ದಳು. ಸೀರೆಯ ತೂಕ ಅರ್ಧ ಕಿಲೋ ಎಂದು ಕಳೆದು ಶಿವಲೀಲಾ ಬರೆಯುತ್ತಿದ್ದಳು. ಒಂದು ತಿಂಗಳು ಆರು ಕಿಲೋ, ಮರುತಿಂಗಳು ಆರೂಮುಕ್ಕಾಲು, ಅದರ ಮರುತಿಂಗಳು ಏಳೂವರೆ. ಕೂಸಿನ ಗಲ್ಲ ಮಾತ್ರ ಒಳಸೇರುತ್ತಿತ್ತು. ಮುಖಕ್ಕಿಂತ ಮುಳ್ಳನ್ನು ನಂಬುವುದು ಸುಲಭ. ಖರ್ಚಿಲ್ಲದೆ ಕೂಸು ಬೆಳೆಸುವ ವಿದ್ಯೆ ಕಲಿಯಬೇಕಾದವರು ಕೆಂಭಾವಿಯಿಂದಲಾದರೂ ತನ್ನ ಮನೆಗೆ ಬರಲೆಂದು ಅವಳು ಸಾರಿದಳು.

ನಾಲ್ಕನೆಯ ತಿಂಗಳು ಅಂಗನವಾಡಿಯ ಅಂಗಳದಲ್ಲೇ ಬುದ್ಧಪ್ರಿಯ ಜೋಳಿಗೆಯನ್ನು ಒದ್ದೆ ಮಾಡಿದ. ಒದ್ದೆ ಬಟ್ಟೆ ಬೇಡವೆಂದು ಶಿವಲೀಲಾ ಅದನ್ನು ಗೋಡೆಯ ಮೇಲೆ ಬಿಸಿಲಿಗೆ ಹರವಿ, ತನ್ನದೊಂದು ಟವೆಲಿನಲ್ಲಿ ಕೂಸನ್ನು ಕಟ್ಟಿ ತಕ್ಕಡಿಗೆ ಹಾಕಿದಳು. ಮುಳ್ಳು ಐದಕ್ಕೆ ಬಂದು ನಿಂತಿತು. ತಕ್ಕಡಿ ಕೆಟ್ಟಿರಬೇಕೆಂದು ಬೇರೆ ಎರಡು ಕೂಸು ತೂಗಿ ನೋಡಿದಳು. ಅವುಗಳ ತೂಕ ಸರಿಯಾಗಿತ್ತು. ಬುದ್ಧಪ್ರಿಯನನ್ನು ಮತ್ತೆ ತೂಗಿದಳು. ಐದೇ.

ಅಷ್ಟರಲ್ಲಿ ಸೀರೆ ಒಣಗಿತ್ತು. ಶಿವಲೀಲಾ ಏನೋ ಅನುಮಾನ ಬಂದು ಅದನ್ನು ಬರಿದಾಗಿಯೇ ಕೊಕ್ಕೆಗೆ ಹಾಕಿದಳು. ಮುಳ್ಳು ನಿಧಾನವಾಗಿ ಮುಂದೆ ಸರಿಯಿತು. ಒಂದು ದಾಟಿತು, ಎರಡು ದಾಟಿತು, ಮೂರನ್ನೂ ದಾಟಿ ಮೂರೂವರೆಯ ಗೆರೆಯ ಮೇಲೆ ನಡುಗುತ್ತ ನಿಂತಿತು. ಅಂಗಳದಲ್ಲಿದ್ದ ಹದಿನೇಳು ಕೂಸುಗಳು ಒಂದೇ ಸಲ ಅಳು ನಿಲ್ಲಿಸಿದವು. ಯಾದಗಿರಿಯಲ್ಲಿ ಕೋಳಿ ಕೂಗಿದರೆ ಇಲ್ಲಿ ಕೇಳುವಷ್ಟು ನಿಶ್ಶಬ್ದ.

ಸೀರೆಯ ನಡು ದುಂಡಗೆ ಜಗ್ಗಿತ್ತು. ಅದರೊಳಗೆ ಯಾವುದೋ ಸಣ್ಣದು ಮಗ್ಗುಲು ಬದಲಿಸಿತು.

ಕರೆಮ್ಮ ಒಂದು ಕಂಕುಳಲ್ಲಿ ಮಗನನ್ನೂ ಇನ್ನೊಂದು ಕಂಕುಳಲ್ಲಿ ಸೀರೆಯನ್ನೂ ಇಟ್ಟುಕೊಂಡು ಮನೆಗೆ ಓಡಿದಳು. ಸೀರೆ ಬಿಸಾಡಿ ಬರಬಹುದಿತ್ತು, ಆದರೆ ಅವಳ ಕೈ ಹುಟ್ಟಿನಿಂದ ಏನನ್ನೂ ಬಿಸಾಡಿ ಅರಿಯದು. ಜಂತಿಗೆ ಮತ್ತೆ ಕಟ್ಟಿದಳು. ಮಗನನ್ನು ಪಂಚಶೀಲಾಳ ತೊಡೆಯ ಮೇಲಿಟ್ಟು, ಸೀರೆಯ ನಡುವನ್ನು ಎರಡೂ ಕೈಯಲ್ಲಿ ಹಿಡಿದು, ನಾಲ್ಕು ತಿಂಗಳು ಹಾಕದೆ ಉಳಿಸಿದ ಗಂಟನ್ನೆಲ್ಲ ಒಂದೇ ಗಂಟಾಗಿ ಬಿಗಿಯತೊಡಗಿದಳು. ಗಂಟು ಬಿಗಿಯುತ್ತ ಹೋದಂತೆ ಮಗಳ ತೊಡೆಯ ಮೇಲೆ ಬುದ್ಧಪ್ರಿಯನ ತುಟಿ ನೀಲಿಗಟ್ಟಿತು.

ಓಣಿಯಲ್ಲಿ ಅಷ್ಟು ಹೊತ್ತಿಗೆ ಸುದ್ದಿ ಅವಳಿಗಿಂತ ಮೊದಲು ಓಡಿ ಬಂದಿತ್ತು. ಪಕ್ಕದ ಮನೆಯ ಕುಬ್ರಾಬೇಗಂ, ಏಳು ಹೆತ್ತು ಊರಿನ ಎಪ್ಪತ್ತು ಕೂಸುಗಳಿಗೆ ನೀರೆರೆದ ಮುದುಕಿ, ಒಳಗೆ ಬಂದವಳೇ ಕೈ ಹಿಡಿದಳು.

"ಗಂಟು ಬಿಚ್ಚು ಮೊದಲ. ಅದು ಹೊರಗ ಇದ್ದಾಗ ಗಂಟು ಹಾಕಿದ್ರ ಬಾಗಿಲಾ ಹಾಕ್ದಂಗ. ಒಳಗ ಬಂದ ಮ್ಯಾಲ ಹಾಕಿದ್ರ ಕುತ್ತಿಗಿ ಹಿಚುಕ್ದಂಗ."

ಕರೆಮ್ಮ ಬಿಚ್ಚಿದಳು. ಮಗನ ತುಟಿಗೆ ಬಣ್ಣ ಬಂತು. ಜೋಳಿಗೆ ಒಮ್ಮೆ ಉಸಿರೆಳೆದುಕೊಂಡ ಹಾಗೆ ಉಬ್ಬಿ ಮತ್ತೆ ತೂಗತೊಡಗಿತು.

"ಅದರ ಮೈಯಾಗಿರೋದು ನನ್ನ ಮಗನ ಮಾಂಸ, ಖಾಲಾ," ಎಂದಳು.

"ಹೌದು. ನೀ ಏನು ಕೊಟ್ಟಿ ಅದಕ್ಕ? ಜಾಗಾ ಕೊಟ್ಟಿ, ಉಣ್ಣಾಕ ಕೊಡಲಿಲ್ಲ. ಬಾಜೂ ಮಲಗಿದವನ ಪಾಲಿಗೆ ಬಾಯಿ ಹಾಕ್ತು. ಯಾರ ಕೂಸೋ ಏನೋ. ಹಸಿದು ಹೋಗ್ಯದ, ಹಸಿದು ಬಂದದ."

ಎದೆಯಲ್ಲಿ ಒಬ್ಬನಿಗೇ ಸಾಲುವಷ್ಟು ಹಾಲಿಲ್ಲವೆಂದು ಕರೆಮ್ಮ ಹೇಳಿದಳು. ಮುದುಕಿ ಅವಳ ಗಲ್ಲದ ಎಲುಬನ್ನೂ ಕುತ್ತಿಗೆಯ ಗುಳಿಯನ್ನೂ ನೋಡಿದಳು, ಆಮೇಲೆ ಗೋಡೆಯ ಮೇಲಿನ ಡಬ್ಬಿಗಳನ್ನು ನೋಡಿದಳು.

"ಅವು ಕಷ್ಟಕಾಲಕ್ಕಂತ ಇಟ್ಟದ್ದು," ಎಂದಳು ಕರೆಮ್ಮ.

"ಮತ್ತ್ಯಾವ ಕಷ್ಟಕಾಲ ಬರಬೇಕಂತೀ? ಬ್ಯಾಂಡು ಬಾರಿಸ್ಕೋತ ಬರಬೇಕೇನು?"

ಕುಬ್ರಾಬೇಗಂ ತಾನೇ ಡಬ್ಬಿ ಇಳಿಸಿದಳು. ಗೋಧಿ ಹುಗ್ಗಿ ಕುದಿಯಿತು. ಬೆಲ್ಲ ಬಿದ್ದ ವಾಸನೆಗೆ ಓಣಿಯ ನಾಯಿಗಳೆಲ್ಲ ಹಿರೀ ಹೆಂಗಸರ ಹಾಗೆ ಸಾಲಾಗಿ ಬಂದು ಕೂತವು. ತುಪ್ಪದ ಗಡಿಗೆಯ ಬಟ್ಟೆ ಬಿಚ್ಚುವಾಗ ಕರೆಮ್ಮ ಕಣ್ಣು ಮುಚ್ಚಿಕೊಂಡಳು. ಮೊದಲ ತುತ್ತು ಗಂಟಲಲ್ಲಿ ನಿಂತಿತು. ಕಲ್ಲು ನುಂಗುವುದು ಅದಕ್ಕಿಂತ ಸುಲಭ. ಅಭ್ಯಾಸಬಲದಿಂದ ಕೈ ಎರಡನೆಯ ತುತ್ತನ್ನು ಮಗಳ ಬಾಯಿಗೆ ಒಯ್ದಿತು. ಮಗಳಿಗೆ ಬೇರೆ ತಾಟು ಹಾಕಿದ್ದೇನೆಂದು ಮುದುಕಿ ಆ ಕೈಯನ್ನು ತಿರುಗಿಸಿ ಅವಳ ಬಾಯಿಗೇ ತಂದಳು. ನಾಲ್ಕನೆಯ ತುತ್ತಿಗೆ ಕರೆಮ್ಮನ ಹಸಿವು ತನ್ನ ಮನೆ ಗುರುತು ಹಿಡಿಯಿತು. ಆಮೇಲೆ ಅವಳು ಉಂಡದ್ದನ್ನು ಕಂಡವರು, ಹತ್ತಿಕುಣಿ ಕೆರೆಯಲ್ಲಿ ಹುಗ್ಗಿ ತುಂಬಿಕೊಟ್ಟಿದ್ದರೂ ತಳ ಕಾಣುತ್ತಿತ್ತೆಂದು ಇಂದಿಗೂ ಆಣೆ ಮಾಡುತ್ತಾರೆ. ಉಣ್ಣುವಾಗ ಅವಳ ಕಣ್ಣಿಂದ ನೀರಿಳಿಯುತ್ತಿತ್ತು. ಖರ್ಚಿನ ದುಃಖವೋ, ಎಷ್ಟು ದಿನ ಹಸಿದಿದ್ದೆನೆಂಬ ದುಃಖವೋ, ಅವಳು ಕೇಳಿಕೊಳ್ಳಲಿಲ್ಲ.

ಮೂರು ದಿನ ಹೀಗೇ ಉಂಡಳು. ಹೆಂಡತಿ ಬಿಸಿ ರೊಟ್ಟಿ ಉಣ್ಣುವುದನ್ನು ಮೊದಲ ಸಲ ಕಂಡ ಅಂಬ್ರಪ್ಪ, ತನ್ನ ತರ್ಕವನ್ನೆಲ್ಲ ಬಾಯಲ್ಲೇ ಇಟ್ಟುಕೊಂಡು ರೊಟ್ಟಿಯ ಬುಟ್ಟಿಯನ್ನು ಅವಳ ಹತ್ತಿರಕ್ಕೆ ಸರಿಸಿದ. ನಾಲ್ಕನೆಯ ದಿನ ಬೆಳಿಗ್ಗೆ ಎದೆ ಬಿಗಿದು ಕುಪ್ಪಸ ಒದ್ದೆಯಾಯಿತು.

ಬಾಗಿಲನ್ನು ಮುಂದಕ್ಕೆ ಎಳೆದು ಗೋಡೆಗೆ ಒರಗಿ ಕೂತಳು. ಎಡಗಡೆ ಬುದ್ಧಪ್ರಿಯನನ್ನು ಹಚ್ಚಿಕೊಂಡಳು. ಮೊದಲೇ ಜಂತಿಯಿಂದ ಬಿಚ್ಚಿಟ್ಟಿದ್ದ ಜೋಳಿಗೆಯನ್ನು ಬಲಗೈಯಿಂದ ಸುತ್ತಿ, ತೊಡೆಯ ಮೇಲಿಟ್ಟುಕೊಂಡಳು. ಅದು ಮೂರೂವರೆ ಕಿಲೋ ಭಾರವಾಗಿತ್ತು, ಅಲ್ಲಾಡದೆ ಕಾಯುತ್ತಿತ್ತು. ಇಡೀ ಜನ್ಮದಲ್ಲಿ ಅವಳು ಯಾರಿಗೂ ಹೆಚ್ಚಿಗೆ ಒಂದು ಚಿಟಿಕೆ ಉಪ್ಪು ಕೊಟ್ಟವಳಲ್ಲ. ಬಲ ಮೊಲೆಯನ್ನು ಸೀರೆಯ ಮಡಿಕೆಗೆ ತಂದಳು.

ಏನೂ ಆಗಲಿಲ್ಲ. ಆಮೇಲೆ ತಣ್ಣಗಿನ ಎರಡು ತುಟಿ ಹುಡುಕುತ್ತ ಬಂದು ಹಿಡಿದವು. ಬಾವಿಯ ತಳದ ನೀರಿನಂಥ ತಂಪು ಎದೆಯಿಂದ ಬೆನ್ನಿಗೆ, ಬೆನ್ನಿಂದ ಕಾಲ ಬೆರಳಿಗೆ ಇಳಿಯಿತು. ಹಲ್ಲಿಲ್ಲದ ವಸಡು ಜಗ್ಗಿದ ರಭಸಕ್ಕೆ ಅವಳು ತುಟಿ ಕಚ್ಚಿಕೊಂಡಳು. ಕೈ ಬಿಡಲಿಲ್ಲ. ಎಡಗಡೆ ಮಗ, ಬಲಗಡೆ ಅದು, ಎರಡೂ ಒಂದೇ ಹದದಲ್ಲಿ ನುಂಗುವ ಸದ್ದು. ಬಹಳ ಹೊತ್ತಿನ ಮೇಲೆ ಸೀರೆಯೊಳಗಿಂದ ಒಂದು ಸಣ್ಣ ತೇಗು ಬಂತು. ಹೊಸ್ತಿಲಲ್ಲಿ ಕಾವಲು ಕೂತಿದ್ದ ಕುಬ್ರಾಬೇಗಂ ಅದನ್ನು ಕೇಳಿ ಹಿಂದೆ ನೋಡದೆ ಸೆರಗು ಹೊದ್ದುಕೊಂಡಳು. ಬಲಗಡೆಯದು ನಿದ್ದೆ ಹೋಯಿತು. ಎಡಗಡೆಯದು ಬಾಯಿ ಬಿಟ್ಟು, ಇನ್ನೂ ಬೇಕೆಂದು, ನಾಲ್ಕು ತಿಂಗಳ ಅಳುವನ್ನೆಲ್ಲ ಕೂಡಿಸಿ ಒಮ್ಮೆಗೇ ಅತ್ತಿತು.

ಮರುತಿಂಗಳು ಅಂಗನವಾಡಿಯಲ್ಲಿ ಶಿವಲೀಲಾ ಟವೆಲನ್ನು ತಾನಾಗಿಯೇ ಸಿದ್ಧ ಇಟ್ಟಿದ್ದಳು. ಬುದ್ಧಪ್ರಿಯ ಆರೂಕಾಲು ತೂಗಿದ. ಮುಳ್ಳಿಗಿಂತ ಮೊದಲು ಅವನ ಗಲ್ಲವೇ ಹೇಳುತ್ತಿತ್ತು. ಕರೆಮ್ಮ ಅಲ್ಲಿಂದ ಹೊರಡಲಿಲ್ಲ. ಬಲ ಕಂಕುಳಿನ ಸೀರೆಯನ್ನು ತಾನೇ ಕೊಕ್ಕೆಗೆ ಹಾಕಿ, ಕೈ ಬಿಟ್ಟು, ಒಂದು ಹೆಜ್ಜೆ ಹಿಂದೆ ನಿಂತಳು. ಉಳಿದ ತಾಯಂದಿರು ತಮ್ಮ ಕೂಸುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗೋಡೆಗೆ ಸರಿದರು. ಮುಳ್ಳು ಐದರ ಹತ್ತಿರ ಬಂತು.

ಶಿವಲೀಲಾಳ ಕೈಯ ಪೆನ್ನು ರಿಜಿಸ್ಟರಿನ ಮೇಲೆ ನಿಂತೇ ಇತ್ತು. ಇದು ಯಾರ ಕೂಸೆಂದು ಬರೆಯಲಿ ಎಂದು ಪಿಸುಗುಟ್ಟಿ ಕೇಳಿದಳು.

"ನನ್ನ ಹಾಲು ಕುಡದದ ರೀ," ಎಂದಳು ಕರೆಮ್ಮ. "ಮತ್ತ್ಯಾರದಂತ ಹೇಳ್ಲಿ? ಪೌಷ್ಟಿಕ ಹಿಟ್ಟಿನ ಪಾಕೀಟು ಎರಡು ಕೊಡ್ರಿ."

ಶಿವಲೀಲಾ ಎರಡು ಕೊಟ್ಟಳು. ಕರೆಮ್ಮ ಪಾಕೀಟುಗಳನ್ನು ತಲೆಯ ಮೇಲೆ ಇಟ್ಟುಕೊಂಡು, ಎಡಕ್ಕೆ ಮಗನನ್ನೂ ಬಲಕ್ಕೆ ಸೀರೆಯನ್ನೂ ಎತ್ತಿಕೊಂಡು, ಸುಡುಬಿಸಿಲಿನಲ್ಲಿ ಗುಡ್ಡದ ಕಡೆಗೆ ನಡೆದಳು. ಎಡಗಡೆಯದು ದಾರಿಯುದ್ದಕ್ಕೂ ಅಳುತ್ತಿತ್ತು. ಬಲಗಡೆಯದನ್ನು ಅವಳು ಆಗಾಗ ಸೊಂಟದ ಮೇಲೆ ಎತ್ತಿ ಸರಿಮಾಡಿಕೊಳ್ಳುತ್ತಿದ್ದಳು, ಅದರ ತಲೆ ಇರುವ ಕಡೆ ಬಿಸಿಲು ಬೀಳದ ಹಾಗೆ ಸೆರಗು ಎಳೆಯುತ್ತಿದ್ದಳು.