ಕೂಸಿನ ಶಿವದಾರ

ಭತ್ತದ ಸುಗ್ಗಿ ಮುಗಿಯುತ್ತ ಬಂದ ಚಳಿಗಾಲ, ಗುರುವಾರ, ಬಿಸಿಲು ಹಿತ್ತಲಿಗೆ ಇಳಿದ ಹೊತ್ತು. ಮುಂಡಗೋಡದ ಹತ್ತಿರದ ಹಳ್ಳಿ ಇಂದೂರಿನ ಈಶಪ್ಪನ ಮನೆಯಲ್ಲಿ ಕೂಸಿಗೆ ಎರೆಯುತ್ತಿದ್ದರು. ಕೂಸು ಅವನ ಮಗಳು ರಾಜಶ್ರೀಯದು. ಚೊಚ್ಚಲ ಹೆರಿಗೆಗೆಂದು ಅವಳು ದಾಂಡೇಲಿಯ ಅಂಬೇವಾಡಿಯಿಂದ ತವರಿಗೆ ಬಂದಿದ್ದಳು. ಅಜ್ಜಿ ಗುರುಸಿದ್ದವ್ವ ಅಂದು ಮೊದಲ ಸಲ ಕೂಸನ್ನು ಬಿಸಿಲಿಗೆ ತಂದು, ಚಾಚಿದ ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುತ್ತಿದ್ದಳು. ಬಿಸಿನೀರು ಬಿದ್ದರೆ ಕೂಸುಗಳು ಕೆಂಪಗಾಗುತ್ತವೆ. ಇದು ಆಗಲಿಲ್ಲ. ತುಟಿ, ಉಗುರು ನೇರಳೆ ಹಣ್ಣು ತಿಂದವರಂತೆ ಇದ್ದವು. ಬಾಣಂತಿ ಕೋಣೆಯ ಕತ್ತಲಲ್ಲಿ ಅದು ಯಾರಿಗೂ ಕಂಡಿರಲಿಲ್ಲ.

ಮುಂಡಗೋಡದ ಡಾಕ್ಟರು ಕೂಸಿನ ಕಾಲಿಗೆ ಚಿಮಟಿಗೆಯಂಥದ್ದೊಂದನ್ನು ಸಿಗಿಸಿ ನೋಡಿ, “ಇವತ್ತ ಹುಬ್ಬಳ್ಳಿಗೆ ಹೋಗ್ರಿ. ಎದಿ ಆಪರೇಶನ್ ಬೇಕಾಗಬಹುದು,” ಎಂದರು. ಅರಿವೆ ತೆಗೆದುಕೊಂಡು ಹೊರಡುತ್ತೇವೆಂದು ಹೇಳಿ ಈಶಪ್ಪ, ರಾಜಶ್ರೀ ಮನೆಗೆ ಬಂದರು. ಗುರುಸಿದ್ದವ್ವ ಹೊಸ್ತಿಲಲ್ಲೇ ಕೂತುಬಿಟ್ಟಳು.

“ಲಿಂಗಾ ಕಟ್ಟದ ಕೂಸಿನ ಎದಿಗೆ ಕತ್ತಿ ಹಚ್ಚಾಕ ಕೊಡ್ತೀರೇನು? ಅಲ್ಲೇನರ ಆದ್ರ ಇದು ಯಾರ ಪೈಕಿ ಅಂತ ಹೋಗ್ಬೇಕು?”

ಅವರ ಮನೆತನದಲ್ಲಿ ಹೆಸರಿಡುವ ದಿನ ಅಯ್ಯನವರು ಬಂದು ಕೂಸಿಗೆ ಲಿಂಗ ಕಟ್ಟುತ್ತಿದ್ದರು. ಆ ದಿನ ಇನ್ನೂ ಬಂದಿರಲಿಲ್ಲ. ಹೆಂಡತಿಯ ಮಾತು ತಪ್ಪೆಂದು ಈಶಪ್ಪನಿಗೆ ಅನ್ನಿಸಲಿಲ್ಲ.

“ಅಪ್ಪಾ, ಡಾಕ್ಟರು ಇವತ್ತ ಅಂದಾರ,” ಎಂದಳು ರಾಜಶ್ರೀ.

“ಮಳಗಿಗೆ ಹೋಗಿ ಅಯ್ಯನವರನ್ನ ಕರಕೊಂಡು ಬರಾಕ ಎಷ್ಟೊತ್ತು ತಂಗಿ. ಬಂದಬಿಡ್ತೇನಿ.”

ಅಯ್ಯನವರು ತಮ್ಮ ಊರು ಮಳಗಿಯಲ್ಲಿರಲಿಲ್ಲ. ಹಳಿಯಾಳದ ಕಡೆ ಗೃಹಪ್ರವೇಶಕ್ಕೆ ಹೋದವರು ಮರುದಿನ ಬರುವವರಿದ್ದರು. ಸಂಜೆ ಅಳಿಯ ಈರೇಶ ಕಾಗದದ ಕಾರ್ಖಾನೆಯ ಪಾಳಿ ಬಿಟ್ಟು ಓಡಿಬಂದ. ಸಂಗತಿ ಕೇಳಿ ಅಂಗಳದಲ್ಲೇ ನಿಂತ.

“ಮಾವಾರ, ನಿಮ್ಮ ಅಯ್ಯನವರು ಬಸ್ಸಿಗೆ ಬರ್ತಾರೋ, ನಂದಿ ಮ್ಯಾಲೆ ಕುಂತು ಬರ್ತಾರೋ?”

ಒಳಗೆ ಉಸಿರಿಗೆ ಕೂಸಿನ ಪಕ್ಕೆ ಹಾರುವುದು ಈಶಪ್ಪನಿಗೆ ಹೊರಗಿನವರೆಗೆ ಕೇಳಿದಂತೆ ಆಗುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಅಯ್ಯನವರು ಬಂದು ಶಿವದಾರದಲ್ಲಿ ಪುಟ್ಟ ಲಿಂಗ ಕಟ್ಟಿದರು. ಮಧ್ಯಾಹ್ನ ಹುಬ್ಬಳ್ಳಿ.

ಅಲ್ಲಿಯ ಡಾಕ್ಟರಬಾಯಿ ತಾಳ್ಮೆಯಿಂದ ತಿಳಿಸಿ ಹೇಳಿದರು. ಶ್ವಾಸಕೋಶದಿಂದ ಒಳ್ಳೆಯ ರಕ್ತ ತರುವ ನಾಲ್ಕು ನಾಳಗಳು ಹೃದಯದ ಎಡಕ್ಕೆ ಬಂದು ಸೇರಬೇಕು. ಈ ಕೂಸಿಗೆ ಹುಟ್ಟುತ್ತಲೇ ಅವು ದಾರಿ ತಪ್ಪಿ ಕೆಟ್ಟ ರಕ್ತದ ಕಡೆಗೆ ಸೇರಿವೆ. ಸೇರುವಲ್ಲಿ ಬಿಗಿಯೂ ಇದೆ.

“ಕಾಲುವಿ ತಿರುವಿದಂಗ ತಿರುವಾಕ ಬರೂದಿಲ್ಲೇನ್ರಿ?” ಎಂದ ಈಶಪ್ಪ.

“ಅದನ್ನ ಮಾಡ್ತೇವ್ರಿ. ಆದ್ರ ಕಾಲುವಿ ತಿರುವಾಕ ನೀವು ನೀರು ನಿಲ್ಲಸ್ತೀರಿ. ನಾವು ಹೃದಯಾನ ನಿಲ್ಲಸಬೇಕು.”

“ನಿನ್ನೆ ಬಂದಿದ್ರ?”

“ಕೂಸಿಗೆ ಇನ್ನಷ್ಟು ಕಸುವು ಇರ್ತಿತ್ತು. ಉಳೀತಿತ್ತು ಅಂತ ಹೇಳಾಕ ನನಗ ಬರೂದಿಲ್ಲ ಯಜಮಾನ್ರ.”

ಶನಿವಾರ ಆಪರೇಶನ್ ಕೋಣೆಯ ಬಾಗಿಲಲ್ಲಿ ನರ್ಸಬಾಯಿ ಕೂಸಿನ ಕೊರಳು ನೋಡಿ, “ಎದಿ ಮ್ಯಾಲೆ ಏನೂ ಇರಬಾರದ್ರಿ,” ಎಂದು ಮೆಲ್ಲಗೆ ಗಂಟು ಬಿಚ್ಚಿ ಲಿಂಗವನ್ನು ಈಶಪ್ಪನ ಅಂಗೈಯಲ್ಲಿಟ್ಟಳು. ಒಂದು ದಿನ ಕಾದು ಕಟ್ಟಿದ್ದು. ಬಿಚ್ಚುವುದಕ್ಕೆ ಹೊತ್ತೇ ಹಿಡಿಯಲಿಲ್ಲ. ಗುರುಸಿದ್ದವ್ವ ಅದನ್ನು ನೋಡಿದಳು. ಕೂಸಿಗೆ ಅದು ಮರಳಿ ಮುಟ್ಟುವವರೆಗೆ ತುತ್ತು ಮುಟ್ಟುವುದಿಲ್ಲವೆಂದು ಗೋಡೆಗೆ ಮುಖ ಮಾಡಿ ಕೂತಳು. ಈರೇಶ ಚಹಾ ತಂದು ಮುಂದಿಟ್ಟ. “ಅತ್ತಿ, ಒಂದ ಗುಟುಕು,” ಎಂದ. ಚಹಾ ಆರಿತು.

ನಾಳಗಳನ್ನು ಜೋಡಿಸಿದ್ದು ಚೆನ್ನಾಗಿ ಆಗಿದೆ ಎಂದರು ಡಾಕ್ಟರಬಾಯಿ. ಶ್ವಾಸಕೋಶ ಮಾತ್ರ ಬಹಳ ಸೋತಿದೆ, ಕಾಯಬೇಕು ಎಂದರು. ಈಶಪ್ಪನಿಗೆ ಕಾಯುವುದು ಗೊತ್ತಿತ್ತು. ಮಳೆಗೆ ಕಾದಿದ್ದ, ಭತ್ತ ಒಕ್ಕುವ ಬಾಡಿಗೆಯ ರಾಶಿ ಯಂತ್ರಕ್ಕೆ ಕಾದಿದ್ದ. ಈ ಕಾಯುವುದರಲ್ಲಿ ಕೈಗೆ ಮಾಡಲು ಏನೂ ಇರಲಿಲ್ಲ.

ಭಾನುವಾರ ಅವನನ್ನು ಒಳಗೆ ಬಿಟ್ಟರು. ಕೂಸಿನ ಬಾಯಿ, ಎದೆ, ಎರಡೂ ಕೈ, ಎಲ್ಲ ಕಡೆ ನಳಿಗೆ, ಪಟ್ಟಿ. ಲಿಂಗ ಹಿಡಿದು ನಿಂತವನನ್ನು ಕಂಡು ಅದೇ ನರ್ಸಬಾಯಿ ಹತ್ತಿರ ಬಂದಳು.

“ಅಜ್ಜಾರ, ಪಾದ ಅಷ್ಟ ಖಾಲಿ ಅದಾವ. ಮುಟ್ಟಸೂದಿದ್ರ ಅಲ್ಲೆ ಮುಟ್ಟಸ್ರಿ.”

ಅವನ ಕೈ ಅರ್ಧಕ್ಕೆ ಹೋಗಿ ನಿಂತಿತು. ಲಿಂಗವನ್ನು ಕಾಲಿಗೆ ತಾಗಿಸುವುದು ಹೇಗೆ? ಕೈ ಹಿಂದೆ ಬಂತು. ಲಿಂಗವನ್ನು ಕಣ್ಣಿಗೊತ್ತಿಕೊಂಡು ತನ್ನ ಎದೆಯ ಲಿಂಗದ ಪಕ್ಕಕ್ಕೆ ಸೇರಿಸಿಕೊಂಡ. ಆಮೇಲೆ ಬರಿಗೈಯಿಂದ ಆ ಹಿಮ್ಮಡಿ ಹಿಡಿದುಕೊಂಡ. ತಣ್ಣಗಿತ್ತು. ಬಿಡು ಎನ್ನುವವರೆಗೆ ಹಿಡಿದೇ ಇದ್ದ.

ಮರುದಿನ ಬೆಳಿಗ್ಗೆ ನಳಿಗೆಗಳನ್ನೆಲ್ಲ ತೆಗೆದು ಕೂಸನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಹೊಲಿಗೆ ಹಾಕಿದ ಎದೆಯ ಮೇಲೆ ಈಶಪ್ಪ ಶಿವದಾರ ಕಟ್ಟಿದ. ಈ ಸಲ ಯಾರೂ ಬೇಡವೆನ್ನಲಿಲ್ಲ. ರಾಜಶ್ರೀ ಮಡಿಲಲ್ಲಿಟ್ಟುಕೊಂಡು ಇಂದೂರಿಗೆ ತಂದಳು. ಮಣ್ಣು ಮಾಡುವಾಗ ಎಡಗೈಯಲ್ಲಿ ಲಿಂಗ ಇಟ್ಟರು. ಅಂಗೈ ಸಾಲಲಿಲ್ಲ, ಅಜ್ಜ ತನ್ನ ಬೆರಳಿಂದ ಆ ಬೆರಳುಗಳನ್ನು ಮುಚ್ಚಿದ.

ಹೆಸರು ಇಟ್ಟಿರಲಿಲ್ಲ. ಕೂಸು ಹೋದದ್ದು ಶಿವನ ವಾರ, ಸೋಮವಾರ.